ಮಧುರಕಂಠನ ಕೋಟಿನ ನಕ್ಷತ್ರಗಳು

ನಮ್ಮೂರಿನವರ ಮರ್ಯಾದೆಗೆ ಬೆಂಕಿ ಬೀಳಲಿ ಎಂದು ನಾನು ಅಂದದ್ದು ನಿಜ. ಬೀದಿಯ ನೀರಿನ ನಲ್ಲಿಯ ಹತ್ತಿರ, ಕೊಡ ಹಿಡಿದು ನಿಂತಿದ್ದ ಎಲ್ಲರಿಗೂ ಕೇಳುವ ಹಾಗೆ ಅಂದೆ. ಹಿಟ್ಟಿನ ಗಿರಣಿ ನಡೆಸುವವಳು ನಾನು, ಮೆಲ್ಲಗೆ ಮಾತಾಡುವುದು ನನಗೆ ಬಾರದು. ಯಾಕೆ ಅಂದೆ ಎಂದು ಕೇಳಿದರೆ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.

ನಮ್ಮೂರಲ್ಲಿ ಫೋನಿನಲ್ಲಿ ಒಂದು ಆ್ಯಪ್ ಹುಡುಕಿ ಡೌನ್‌ಲೋಡ್ ಒತ್ತಿದರೆ ಅದು ಫೋನಿಗೆ ಇಳಿಯುವುದಿಲ್ಲ, ಮನುಷ್ಯನಾಗಿ ಮನೆ ಬಾಗಿಲಿಗೆ ಬರುತ್ತದೆ. ಅವರನ್ನು ನಾವು ಬಂದವರು ಎನ್ನುತ್ತೇವೆ. ಕಿರಾಣಿ ಅಂಗಡಿಯ ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಲೆಕ್ಕ ಕೂಡುವ ಸಣಕಲ ಒಬ್ಬ ಬಂದವನು. ಎಳೆನೀರಿನವನ ಗಾಡಿಯ ಪಕ್ಕದಲ್ಲಿ ನಿಂತು ಇವತ್ತು ಮಳೆ ಬರುತ್ತದೋ ಇಲ್ಲವೋ ಎಂದು ಹೇಳುವ ಹೆಂಗಸು ಇನ್ನೊಬ್ಬಳು. ನೆಟ್‌ವರ್ಕ್ ಕೈಕೊಟ್ಟ ದಿನ ಕೆಲವರು ಅರ್ಧ ಬಂದು ಸರ್ಕಲ್ಲಿನ ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ತೋಳು ಬಂದಿರುತ್ತದೆ, ಬೆರಳು ಬಂದಿರುವುದಿಲ್ಲ. ದಾರಿಯಲ್ಲಿ ಹೋಗುವವರು ಅಂಥವರ ಬಾಯಿಗೆ ನೀರಿನ ಲೋಟ ಹಿಡಿಯುತ್ತಾರೆ. ಅಪ್‌ಡೇಟ್ ಎಂದು ಬೆಳಗ್ಗೆ ಎದ್ದು ಹೋದವರು ಮಧ್ಯಾಹ್ನ ಬೇರೆ ಬೈತಲೆ ತೆಗೆದುಕೊಂಡು ಬಂದು, ನೀರಿನ ಹಂಡೆ ಎಲ್ಲಿದೆ ಎಂದು ಮೊದಲಿನಿಂದ ಕೇಳುತ್ತಾರೆ. ನಾವು ಬೇಸರವಿಲ್ಲದೆ ತೋರಿಸುತ್ತೇವೆ. ಅತಿಥಿ ಸತ್ಕಾರದಲ್ಲಿ ನಮ್ಮೂರನ್ನು ಮೀರಿಸಿದವರಿಲ್ಲ ಎಂಬ ಹೆಮ್ಮೆ ನಮಗೆ.

ಆ ಹೆಮ್ಮೆಯೇ ನಮ್ಮನ್ನು ಹಾಳು ಮಾಡಿದ್ದು. ಬಂದವರು ಹೊಸ್ತಿಲಲ್ಲಿ ನಿಂತು ಕೆಲವು ಮಾತು ಕೇಳುತ್ತಾರೆ. ನಿಮ್ಮ ಮಾತು ಕೇಳಿಸಿಕೊಳ್ಳಬಹುದೆ, ಬೀರು ತೆಗೆದು ನೋಡಬಹುದೆ, ನಿಮ್ಮ ನೆಂಟರಿಷ್ಟರ ಹೆಸರು ತಿಳಿದುಕೊಳ್ಳಬಹುದೆ, ತಿಳಿದದ್ದನ್ನು ನಮ್ಮ ಜೊತೆಯವರಿಗೆ ಹೇಳಬಹುದೆ ಎಂದು. ಹೊಸ್ತಿಲಲ್ಲಿ ಹೂಂ ಅಂದದ್ದನ್ನು ಆಮೇಲೆ ಇಲ್ಲ ಎನ್ನುವ ಹಾಗಿಲ್ಲ. ಟಾರ್ಚು ಹಿಡಿಯಲು ಬಂದವನಿಗೆ ನಮ್ಮ ನೆಂಟರ ಹೆಸರು ಯಾಕೆ ಬೇಕು ಎಂದು ನಮ್ಮೂರಲ್ಲಿ ಒಬ್ಬರಾದರೂ ಕೇಳಿದ್ದುಂಟೆ? ಇಲ್ಲ. ಬಾಗಿಲಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವುದು ಸಂಸ್ಕಾರವಲ್ಲ. ಹೂಂ ಹೂಂ, ಬನ್ನಿ ಬನ್ನಿ, ಕಾಫಿ ಆರಿಹೋಗುತ್ತೆ ಎನ್ನುತ್ತಾರೆ. ಅವರು ಹೊರಡುವಾಗ ಅವರ ಕೋಟಿಗೆ ಜರಿ ಕಾಗದದ ನಕ್ಷತ್ರ ಅಂಟಿಸಬೇಕು, ಎಷ್ಟು ಮೆಚ್ಚಿದೆವೋ ಅಷ್ಟು. ಒಂದರಿಂದ ಐದರವರೆಗೆ ಅಂಟಿಸಬಹುದು, ಆದರೆ ನಮ್ಮವರು ಯಾವಾಗಲೂ ಐದೇ ಅಂಟಿಸುತ್ತಾರೆ. ಆಮೇಲೆ ಹೋಗಿ ಬನ್ನಿ ಎನ್ನುತ್ತಾರೆ. ಹಾಗೆ ಅನ್ನಿಸಿಕೊಂಡು ಹೋದವರು ಯಾವಾಗ ಬೇಕಾದರೂ ಆ ಮನೆಯೊಳಕ್ಕೆ ಕೇಳದೆ ಕಾಲಿಡಬಹುದು.

ಈಗ ನಮ್ಮಣ್ಣನ ವಿಷಯ ಹೇಳಬೇಕು. ತಿಪ್ಪೇಶಣ್ಣ ಎಂದರೆ ಊರಿಗೇ ಗೊತ್ತು. ಕಬಡ್ಡಿ ಮೈದಾನದಲ್ಲಿ ಮೈಕು ಹಿಡಿದು ಪಂದ್ಯ ವರ್ಣಿಸುತ್ತಿದ್ದವನು ಅವನು. ರೈಡಿಗೆ ಹೋದ ಹುಡುಗ ಗೆರೆ ಮುಟ್ಟುವ ಮೊದಲೇ ಅಣ್ಣನ ಮಾತು ಗೆರೆ ಮುಟ್ಟಿರುತ್ತಿತ್ತು. ಆಟ ನೋಡಲಾಗದೆ ಒಲೆಯ ಮುಂದೆ ಕೂತ ಹೆಂಗಸರೂ ಅವನ ಮಾತಿನಲ್ಲೇ ಆಟ ನೋಡಿ ಚಪ್ಪಾಳೆ ಹೊಡೆಯುತ್ತಿದ್ದರು. ಅಂಥವನಿಗೆ ಗಂಟಲಲ್ಲಿ ಗಡ್ಡೆಯಾಗಿ, ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಕುತ್ತಿಗೆಯ ಕೆಳಗೆ ಒಂದು ತೂತು ಉಳಿಯಿತು, ಉಸಿರಾಡುವುದು ಅದರಲ್ಲೇ. ಮದುವೆಯಾಗದ ಅಣ್ಣ, ಗಂಡ ಸತ್ತ ತಂಗಿ, ಇಬ್ಬರೇ ಇರುವ ಮನೆ ನಮ್ಮದು. ಅವನ ಮಾತು ನಿಂತ ಮೇಲೆ ಗಿರಣಿ ನಿಲ್ಲಿಸಿದರೆ ನನಗೆ ಕಿವಿ ಕೇಳದೆ ಹೋದ ಹಾಗಾಗುತ್ತಿತ್ತು.

ಪಂದ್ಯದ ಕಮಿಟಿಯ ಚನ್ನವೀರಪ್ಪ ಮನೆಗೆ ಬಂದು, "ತಿಪ್ಪೇಶಣ್ಣ, ನೀನು ಬರೆದಿದ್ದನ್ನ ಓದೋ ಬಂದೋರು ಯಾರಾದ್ರೂ ಸಿಕ್ರೆ ಕರ್ಕೊಂಡು ಬಾ, ಮೈಕು ನಿಂದೇ. ಸಿಗ್ಲಿಲ್ಲ ಅಂದ್ರೆ ಈ ಸಲದಿಂದ ಸಿನಿಮಾ ಹಾಡು ಹಾಕ್ತೀವಿ" ಎಂದು ಹೇಳಿ ಹೋದ. ಅಣ್ಣ ಗೋಡೆ ಕಡೆ ತಿರುಗಿ ಮಲಗಿದ. ಮೈದಾನದಲ್ಲಿ ಅವನ ಜಾಗದಲ್ಲಿ ಸಿನಿಮಾ ಹಾಡು ಕೇಳಿಸಿದರೆ ಅಣ್ಣ ಆಮೇಲೆ ಏಳುವುದಿಲ್ಲ ಎಂದು ನನಗೆ ಅವತ್ತೇ ಅನ್ನಿಸಿತ್ತು.

ಪಕ್ಕದ ಮನೆ ಅಂಬುಜಮ್ಮ ದಾರಿ ಹೇಳಿದಳು. ಅವಳಿಗೆ ಕಣ್ಣಿನ ಪೊರೆ, ಓದಲು ಆಗುವುದಿಲ್ಲ. ಅದಕ್ಕೆ ಮಧುರಕಂಠ ಎಂಬ ಬಂದವನನ್ನು ತಿಂಗಳುಗಟ್ಟಲೆ ಮನೆಯಲ್ಲಿಟ್ಟುಕೊಂಡು ಓದಿಸಿಕೊಳ್ಳುತ್ತಿದ್ದಳು. "ಬರೆದಿದ್ದೆಲ್ಲ ಓದ್ತಾರೆ ಕಣೆ ಸಾಕಮ್ಮ. ಜೇನು ಸುರಿದಂಗಿರುತ್ತೆ. ಐದು ನಕ್ಷತ್ರ ಕೊಟ್ಟೀನಿ ನಾನು" ಅಂದಳು. ಫೋನಿನಲ್ಲಿ ಹುಡುಕಿದರೆ ಮೇಲೆಯೇ ಅವನ ಹೆಸರಿತ್ತು. ಒತ್ತಿದೆ.

ಅವನು ಬಂದಾಗ ನಾನು ಗಿರಣಿಯಲ್ಲಿ ಯಾರದೋ ರಾಗಿ ಬೀಸುತ್ತಿದ್ದೆ. ಬಾಗಿಲಲ್ಲಿದ್ದವರು ಅಣ್ಣ ಮತ್ತು ಅಂಬುಜಮ್ಮ. ನಾನು ಕೈ ಒರೆಸಿಕೊಂಡು ಬರುವುದರೊಳಗೆ ಎಲ್ಲ ಮುಗಿದಿತ್ತು. ಮಧುರಕಂಠ ನಡುಮನೆಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಕೋಟಿನ ಬಟ್ಟೆ ಯಾವ ಬಣ್ಣದ್ದು ಎಂದು ತಿಳಿಯದಷ್ಟು ನಕ್ಷತ್ರ. ಅವನ ಹಿಂದೆ ಚೀಲ ಹಿಡಿದ ಇನ್ನೊಬ್ಬ ನಿಂತಿದ್ದ, ಅವನನ್ನು ನಾವು ಕರೆದಿರಲಿಲ್ಲ. ಯಾರು ಇವರು ಎಂದರೆ, "ನಮ್ಮವರೇ ಅಮ್ಮಾ, ಜೊತೆಗಾರರು. ನಾನಿದ್ದಲ್ಲಿ ಅವರಿರುತ್ತಾರೆ" ಎಂದ ಮಧುರಕಂಠ. ಹೊಸ್ತಿಲಲ್ಲಿ ಏನೇನು ಕೇಳಿದ ಎಂದು ಅಂಬುಜಮ್ಮನನ್ನು ಕೇಳಿದೆ. "ಅದೇ ಎಲ್ಲರೂ ಕೇಳೋದು. ನಿಮ್ಮಣ್ಣ ತಲೆ ಅಲ್ಲಾಡಿಸ್ದ" ಅಂದಳು. ಬಾಯಿಲ್ಲದವನು ತಲೆಯಲ್ಲಾಡಿಸದೆ ಇನ್ನೇನು ಮಾಡುತ್ತಾನೆ?

ಆದರೂ ಮೊದಲ ವಾರ ನನಗೆ ಸ್ವರ್ಗ. ಅಣ್ಣ ಎರಡು ಬೆರಳಲ್ಲಿ ಫೋನಿನ ಮೇಲೆ ಅಕ್ಷರ ಕುಟ್ಟುತ್ತಿದ್ದ, ಮಧುರಕಂಠ ಓದುತ್ತಿದ್ದ. ಸಾರಿಗೆ ಉಪ್ಪು ಸಾಲದು ಎಂಬುದನ್ನೂ ಅವನು ಆಶೀರ್ವಾದ ಮಾಡಿದ ಹಾಗೆ ಹೇಳುತ್ತಿದ್ದ. ಅಣ್ಣನ ಒರಟು ಬೈಗುಳಗಳು ಅವನ ಬಾಯಲ್ಲಿ ಮೆತ್ತಗಾಗಿ ಬರುತ್ತಿದ್ದವು, ಅದೊಂದು ನನಗೆ ಹಿಡಿಸಲಿಲ್ಲ. ಇರಲಿ, ಮನೆಯಲ್ಲಿ ಮಾತಿತ್ತಲ್ಲ. ಚೀಲದವನು ಪ್ರತಿ ಬೆಳಗ್ಗೆ ವಾಕಿಂಗ್ ಎಂದು ಹೊರಗೆ ಹೋಗಿಬರುತ್ತಿದ್ದ. ಆರೋಗ್ಯದ ಮೇಲೆ ಕಾಳಜಿ ಇರುವ ಮನುಷ್ಯ ಎಂದುಕೊಂಡೆ.

ಒಂದು ಮಧ್ಯಾಹ್ನ ಎಣ್ಣೆ ಕಾಯಿಸಿ ಅಣ್ಣನ ತಲೆಗೆ ಹಚ್ಚಲು ಹೋದೆ. ಎಷ್ಟು ದಿನದಿಂದಲೋ ಅವನು ತಲೆಸ್ನಾನ ಮುಂದಕ್ಕೆ ಹಾಕುತ್ತಿದ್ದ. ಅವನು ನನ್ನ ಕೈ ಹಿಡಿದು ತಡೆದು, ಆಮೇಲೆ ಕುಟ್ಟಿದ. ಮಧುರಕಂಠ ಓದಿದ: "ಸಾಕಮ್ಮ, ನನಗೆ ನೀರು ಅಂದರೆ ಭಯ. ತಲೆಗೆ ಹಾಕಿಕೊಂಡ ನೀರು ಈ ತೂತಿನೊಳಗೆ ಹೋದರೆ ಉಸಿರು ಕಟ್ಟಿ ಸಾಯುತ್ತೇನೆ. ಬಚ್ಚಲಿಗೆ ಹೋದರೆ ಕೈಕಾಲು ನಡುಗುತ್ತವೆ. ಮೈದಾನದಲ್ಲಿ ಹುಲಿ ಥರ ಕೂಗುತ್ತಿದ್ದವನು ನಾನು. ಯಾರಿಗೂ ಹೇಳಬೇಡ." ನಾನು ಒಂದು ಟವೆಲ್ಲು ಒದ್ದೆ ಮಾಡಿ ಹಿಂಡಿ, ಅವನ ತಲೆ ಒರೆಸಿದೆ. ಇಬ್ಬರೂ ಅತ್ತೆವು. ಯಾರಿಗೂ ಹೇಳುವ ಪ್ರಶ್ನೆಯೇ ಇರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಬೀದಿಯಲ್ಲಿ ಒಬ್ಬ ಸೈಕಲ್ ನಿಲ್ಲಿಸಿ ಕೂಗಿದ. "ಕುತ್ತಿಗೇಲಿ ತೂತಿರೋರ ಮನೆ ಇದೇನಾ? ನೀರಿನ ಭಯಕ್ಕೆ ಪ್ಲಾಸ್ಟಿಕ್ ಪಟ್ಟಿ ಇದೆ, ಕಟ್ಕೊಂಡು ಧೈರ್ಯವಾಗಿ ಸ್ನಾನ ಮಾಡಿ." ಎದುರುಮನೆಯವರು ಬಾಗಿಲಿಗೆ ಬಂದರು. ಅವನು ಹೋಗುವುದರೊಳಗೆ ಇನ್ನೊಬ್ಬ ಬಂದ, ಬಚ್ಚಲುಮನೆಗೆ ಹಿಡಿಕಂಬಿ ಹಾಕುವವನು. ಅವನ ಹಿಂದೆ ಟೈ ಕಟ್ಟಿದ ಮತ್ತೊಬ್ಬ, ಅಣ್ಣ ಉಸಿರು ಕಟ್ಟಿ ಹೋದರೆ ಆಮೇಲೆ ನನ್ನ ಗತಿಯೇನು ಎಂದು ಯೋಚಿಸಿದ್ದೇನೆಯೇ ಎಂದು ವಿಮೆಯ ಮಾತೆತ್ತಿದ. ಅಣ್ಣ ಜಗಲಿಯಲ್ಲೇ ಕೂತಿದ್ದ. ಅವನ ಮುಖದ ಮೇಲೆ ಆಗ ಬಂದದ್ದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಅವನು ಎದ್ದು ಒಳಗೆ ಹೋಗಿ, ಕುಟ್ಟುತ್ತಿದ್ದ ಫೋನನ್ನು ಮಗುಚಿ ಇಟ್ಟ. ಅವತ್ತಿನಿಂದ ಒಂದಕ್ಷರ ಬರೆಯಲಿಲ್ಲ. ಅವನ ಬಾಯಿ ಎರಡನೆಯ ಸಲ ಹೋಯಿತು.

ನನಗೆ ಮೈಯೆಲ್ಲ ಉರಿದುಹೋಯಿತು. ಮಧುರಕಂಠನ ಮುಂದೆ ನಿಂತು, ಯಾರಿಗೆ ಹೇಳಿದೆ ಎಂದು ಕೇಳಿದೆ.

"ಯಾರಿಗೂ ಹೇಳಿಲ್ಲ ಅಮ್ಮಾ. ಜೊತೆಗಾರರಿಗೆ ಹೇಳಿದೆ, ಅವರು ತಮ್ಮವರಿಗೆ ಹೇಳಿದರು. ನಿಮ್ಮ ಅನುಕೂಲಕ್ಕೇ ಅಲ್ಲವೆ?" ಎಂದ, ಅದೇ ಜೇನಿನಲ್ಲಿ.

"ನನ್ನ ಅನುಕೂಲಾನ ನಾನು ಕೇಳಿದ್ನಾ ನಿನ್ನ?"

"ಹೊಸ್ತಿಲಲ್ಲಿ ಒಪ್ಪಿದ್ದೀರಿ."

"ನಾನು ಒಪ್ಪಿಲ್ಲ."

"ನಿಮ್ಮಣ್ಣ ತಲೆ ಅಲ್ಲಾಡಿಸಿದರು."

ಎಂಥ ನಯ, ಎಂಥ ವಿನಯ. ಅದಕ್ಕಿಂತ ಒಬ್ಬ ಕಳ್ಳ ಹಂಚು ತೆಗೆದು ಇಳಿದಿದ್ದರೆ ವಾಸಿಯಿತ್ತು, ಅವನು ಕಾಫಿ ಕೇಳುತ್ತಿರಲಿಲ್ಲ. ನಾನು ಬಾಗಿಲು ತೋರಿಸಿ, "ಹೋಗಿ" ಅಂದೆ. ಅವನು ಚಪ್ಪಲಿ ಮೆಟ್ಟಿ, ಕೋಟು ಮುಂದೆ ಮಾಡಿ, ಇನ್ನೊಂದು ಮಾತಿಗಾಗಿ ಕಾದು ನಿಂತ. "ಹೋಗಿ ಅಂದೆ, ಅಷ್ಟೇ. ನಕ್ಷತ್ರಾನೂ ಇಲ್ಲ, ಬನ್ನಿ ಅನ್ನೋದೂ ಇಲ್ಲ." ಅವನ ಮುಖದ ನಗು ಹಾಗೆಯೇ ಇತ್ತು. ಚೀಲದವನನ್ನು ಕರೆದುಕೊಂಡು ಮೆಟ್ಟಿಲಿಳಿದು, ನಾಲ್ಕು ಹೆಜ್ಜೆ ನಡೆದು, ಅಂಬುಜಮ್ಮನ ಮನೆಯೊಳಕ್ಕೆ ಹೋದ. ಅವಳು ಹೋಗಿ ಬನ್ನಿ ಅಂದಿದ್ದಳಲ್ಲ.

ನಾನೂ ಹಿಂದೆಯೇ ಹೋದೆ. ಅಂಬುಜಮ್ಮ ಅವನಿಗೆ ಕಾಫಿ ಬೆರೆಸುತ್ತಿದ್ದಳು. ಅವಳನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ, ಇವನು ಇಂಥವನು ಎಂದು ನಿನಗೆ ಗೊತ್ತಿತ್ತೋ ಇಲ್ಲವೋ ಎಂದು ಕೇಳಿದೆ. ಅವಳು ಸೆರಗು ಸುರುಳಿ ಸುತ್ತುತ್ತ ನಿಂತಳು.

"ಸೊಸೆಯ ಆಸ್ಪತ್ರೆ ರಿಪೋರ್ಟು ಓದಿಸ್ಕೊಂಡಿದ್ದೆ" ಅಂದಳು ಕೊನೆಗೆ. "ಮಗು ನಿಲ್ಲಲಿಲ್ಲ ಅಂತ ಅದರಲ್ಲಿತ್ತು. ಮಗ, ಸೊಸೆ, ನನ್ನನ್ನ ಬಿಟ್ರೆ ಯಾರಿಗೂ ಗೊತ್ತಿರಲಿಲ್ಲ. ಮಾರನೇ ದಿನ ಔಷಧಿ ಮಾರೋರು ಬಂದ್ರು. ಹರಕೆ ಹೊತ್ಕೊಳ್ಳಿ ಅನ್ನೋರು ಬಂದ್ರು. ಆ ಹುಡುಗಿ ಒಂದು ವಾರ ರೂಮಿಂದ ಈಚೆ ಬರಲಿಲ್ಲ."

"ಇಷ್ಟಾದ ಮೇಲೂ ಐದು ಕೊಟ್ಟೆಯಲ್ಲೇ?"

"ಮನೇಗೆ ಬಂದೋರಿಗೆ ಕಮ್ಮಿ ಕೊಡಕ್ಕಾಗುತ್ತಾ ಸಾಕಮ್ಮ? ಎದುರಿಗೇ ನಿಂತಿರ್ತಾರೆ, ಕೋಟು ಮುಂದೆ ಮಾಡ್ಕೊಂಡು. ಎಲ್ಲರೂ ಐದು ಕೊಟ್ಟಿರೋವಾಗ ನಾನು ಎರಡು ಕೊಟ್ರೆ ಏನು ಅಂದ್ಕೋತಾರೆ?"

ಬೀದಿಯ ಮನೆಮನೆಗೂ ಹೋಗಿ ಕೇಳಿದೆ. ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಅವನಿಂದ ಬೀದಿಗೆ ಗೊತ್ತಾಗಿತ್ತು, ಇನ್ನೊಬ್ಬರ ಮಗ ಪರೀಕ್ಷೆಯಲ್ಲಿ ಫೇಲಾದದ್ದು ಗೊತ್ತಾಗಿತ್ತು. ಎಲ್ಲರೂ ಒಳಗೊಳಗೇ ಬೆಂದಿದ್ದರು, ಎಲ್ಲರೂ ಐದು ಅಂಟಿಸಿದ್ದರು. ನಾನು ಬೀದಿಯ ನಲ್ಲಿಯ ಹತ್ತಿರ ಕೂಗಾಡಿದ್ದು ಅವತ್ತೇ. ಆ ಕೋಟು ಹೊಳೆಯುತ್ತಿದ್ದದ್ದು ಈ ಜನರ ಸಂಕೋಚದಿಂದ. ಆ ಹೊಳಪು ನೋಡಿ ತಾನೆ ನಾನು ನನ್ನ ಅಣ್ಣನ ಬಾಯನ್ನು ಅವನ ಕೈಗೆ ಕೊಟ್ಟದ್ದು? ಇದಕ್ಕೆ ಸಂಸ್ಕಾರ ಎಂದು ಹೆಸರು ಬೇರೆ.

ಪಂದ್ಯ ಹತ್ತಿರ ಬರುತ್ತಿತ್ತು. ನಾನು ದಿನಾ ಅರ್ಧ ಹೊತ್ತು ಗಿರಣಿಗೆ ರಜೆ ಹಾಕಿ ಫೋನು ಹಿಡಿದು ಕೂತೆ. ಓದುವ ಬಂದವರು ಎಷ್ಟು ಜನ ಇದ್ದಾರೋ ಅಷ್ಟು ಜನರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ಕರೆಸಿದೆ. ಯಾರನ್ನೂ ಕೂರಿಸಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಹೊಸ್ತಿಲಲ್ಲಿ ನಿಂತು, ನಿನ್ನನ್ನು ಮಾಡಿದವರು ಯಾರು, ಪುಕ್ಕಟೆ ಯಾಕೆ ಬಂದೆ, ಓದುವವನಿಗೆ ಬೀರುವಿನೊಳಗೆ ಏನು ಕೆಲಸ ಎಂದು ಕೇಳಿದೆ. ಎದುರುಮನೆಯವರು ಕಿಟಕಿಯಿಂದ ನೋಡುತ್ತ, ಪಾಪ, ಬಿಸಿಲಲ್ಲಿ ನಿಲ್ಲಿಸಿದಾಳೆ ಎಂದು ಮಾತಾಡಿಕೊಂಡರು. ಎಷ್ಟೋ ಜನ ನನ್ನ ಪ್ರಶ್ನೆ ಕಿವಿಗೆ ಬೀಳುತ್ತಲೇ ವಾಪಸು ಹೋದರು. ಉಳಿದವರನ್ನು ನಮ್ಮ ಹಿತ್ತಲಿಗೆ ಕರೆದುಕೊಂಡು ಹೋದೆ. ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಎಲ್ಲೋ ದೂರದಲ್ಲಿರುವ ತಮ್ಮವರನ್ನು ಕೇಳಿಕೊಂಡು ಓದುವವರು ಅಲ್ಲಿ ಬಾಯಿ ತೆರೆದು ಹಾಗೇ ನಿಂತುಬಿಟ್ಟರು.

ಹಿತ್ತಲಲ್ಲೂ ಓದಿದವರು ಕೆಲವರು. ಅವರಿಗೆ ಕೊನೆಯ ಪರೀಕ್ಷೆಯನ್ನು ನೆಟ್‌ವರ್ಕ್ ಸಿಗುವ ನಡುಮನೆಯಲ್ಲಿ ಇಟ್ಟೆ. ಅಣ್ಣನಂತೂ ಬರೆಯುತ್ತಿರಲಿಲ್ಲ, ನಾನೇ ಗುಟ್ಟಿನ ಮಾತೊಂದು ಬರೆದು ಓದಿಸಿದೆ: ನಮ್ಮ ಮನೆಯಲ್ಲಿ ಒಂದು ಆನೆ ಸಾಕಬೇಕೆಂದಿದ್ದೇವೆ, ಯಾರಿಗೂ ಹೇಳಬೇಡಿ. ಮೊದಲನೆಯವನು ಬೆಣ್ಣೆಯಂತೆ ಓದಿದ. ಮಾರನೆಯ ದಿನ ಒಂದು ಗಾಡಿ ಕಬ್ಬು ಬಾಗಿಲಿಗೆ ಬಂದು ನಿಂತಿತು. ಇನ್ನೊಬ್ಬ ಓದಿದ ಮಾರನೆಯ ದಿನ ಸರಪಳಿ ಮಾರುವವನು ಬಂದ. ಮತ್ತೊಬ್ಬ ಓದಿದ ಮೇಲಂತೂ ಒಬ್ಬ ಮಾವುತ ಅಂಕುಶ ಸಮೇತ ಜಗಲಿಯಲ್ಲಿ ಕೂತು, ಆನೆ ಗಂಡೋ ಹೆಣ್ಣೋ ಎಂದು ವಿಚಾರಿಸಿದ. ಕಿಟಕಿಯ ಹತ್ತಿರ ಮಲಗಿದ್ದ ಅಣ್ಣ ಹೊಟ್ಟೆ ಕುಲುಕಿಸಿಕೊಂಡು ಸದ್ದಿಲ್ಲದೆ ನಗುತ್ತಿದ್ದುದನ್ನು ಆಗ ನೋಡಿದೆ. ಎಷ್ಟೋ ದಿನದ ಮೇಲೆ ನಕ್ಕಿದ್ದ.

ಕೊನೆಗೆ ಬಂದವಳ ಹೆಸರು ಸೊಲ್ಲು. ಮಾಸಿದ ಹತ್ತಿ ಸೀರೆಯುಟ್ಟ ಹೆಂಗಸು, ಸೀರೆಯ ಮೇಲೆ ಹಾಕಿದ್ದ ಕೋಟಿನ ಮೇಲೆ ಎರಡೇ ನಕ್ಷತ್ರ. ಯಾವ ಊರಿನವರೋ ಅಂಟಿಸಿ, ಪಕ್ಕದಲ್ಲಿ ಧ್ವನಿ ಚೆನ್ನಾಗಿಲ್ಲ ಎಂದು ಚೀಟಿ ಸಿಕ್ಕಿಸಿದ್ದರು. ಹಿಂದೆ ಯಾರೂ ಇರಲಿಲ್ಲ. ಹೊಸ್ತಿಲಲ್ಲಿ, "ಬರೆದದ್ದನ್ನು ನೋಡಬಹುದೆ?" ಎಂದು ಒಂದೇ ಮಾತು ಕೇಳಿದಳು. ಧ್ವನಿ ನಿಜಕ್ಕೂ ಚೆನ್ನಾಗಿರಲಿಲ್ಲ, ತಗಡಿನ ಮೇಲೆ ಕಾಳು ಸುರಿದ ಹಾಗಿತ್ತು. ನಿಧಾನ ಬೇರೆ. ಆನೆಯ ಗುಟ್ಟನ್ನು ಓದಿ, ಸುಮ್ಮನೆ ಕೂತಳು. ಮಾರನೆಯ ದಿನ ಯಾರೂ ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಮೂರನೆಯ ದಿನ ಬಾಗಿಲು ತಟ್ಟಿದ ಸದ್ದಾಯಿತು, ಓಡಿ ಹೋದೆ. ನೋಡಿದರೆ ಅಕ್ಕಿ ಬೀಸಿಸುವ ಗಿರಾಕಿ.

ಅಣ್ಣ ಫೋನು ತೆಗೆದುಕೊಂಡ. ತುಂಬ ಹೊತ್ತು ಕೈಯಲ್ಲಿ ಹಿಡಿದಿದ್ದು, ಆಮೇಲೆ ಕುಟ್ಟಿದ. ಸೊಲ್ಲು ಓದಿದಳು: "ಸಾಕಮ್ಮ, ನಿನ್ನ ಸಾರಿಗೆ ಉಪ್ಪು ಸಾಲದು. ಎಷ್ಟು ಸಲ ಹೇಳಬೇಕು ನಿನಗೆ, ದರಿದ್ರದೋಳೆ." ಒಂದಕ್ಷರ ಮೆತ್ತಗೆ ಮಾಡಲಿಲ್ಲ ಆ ಹೆಂಗಸು. ನಾನು ಒಳಗೆ ಹೋಗಿ ಅತ್ತು ಬಂದೆ.

ಪಂದ್ಯದ ದಿನ ಸಂಜೆ ಮೈದಾನ ತುಂಬಿತ್ತು. ಅಣ್ಣ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟಿಕೊಂಡು ಮೇಜಿನ ಮುಂದೆ ಕೂತ, ಪಕ್ಕದಲ್ಲಿ ಸೊಲ್ಲು. ಅಂಬುಜಮ್ಮ ಹೆಂಗಸರ ಸಾಲಿನಲ್ಲಿ ಮುಂದೆಯೇ ಇದ್ದಳು. ಅವಳ ಪಕ್ಕ ಮಧುರಕಂಠ ಸಂಜೆಯ ದೀಪಗಳಲ್ಲಿ ಮಿರಮಿರ ಮಿಂಚುತ್ತ ಕೂತಿದ್ದ. ಚನ್ನವೀರಪ್ಪ ಮೈಕು ಕೊಟ್ಟ. ತಂಡಗಳ ಹೆಸರು ಬರುತ್ತದೆ ಎಂದು ಎಲ್ಲರೂ ಕಾದರು. ಅಣ್ಣ ತಲೆ ಬಗ್ಗಿಸಿ ಕುಟ್ಟುತ್ತಲೇ ಇದ್ದ. ಆಮೇಲೆ ತಗಡಿನ ಮೇಲೆ ಕಾಳು ಸುರಿಯಿತು.

"ಮಧುರಕಂಠನ ಬಗ್ಗೆ ಒಂದು ಮಾತು. ನಾನು ನನ್ನ ತಂಗಿಗೆ ಮಾತ್ರ ಹೇಳಿದ್ದನ್ನು ಅವನು ಬೀದಿಗೆ ಹೇಳಿದ. ನನ್ನ ಕುತ್ತಿಗೆಯಲ್ಲಿ ತೂತಿದೆ. ನನಗೆ ನೀರೆಂದರೆ ಭಯ. ಇದನ್ನು ನಿಮಗೆ ಹೇಳುವುದು ಬಿಡುವುದು ನನಗೆ ಸೇರಿತ್ತು. ಈಗ ನಾನೇ ಹೇಳಿದ್ದೇನೆ. ಅವನಿಗೆ ನಾನು ಕೊಡುವುದು ಒಂದು ನಕ್ಷತ್ರ. ನೀವೆಲ್ಲ ಐದು ಕೊಟ್ಟಿರಿ. ನೀವು ಐದು ಕೊಟ್ಟದ್ದಕ್ಕೇ ಅವನು ನಮ್ಮ ಮನೆಗೆ ಬಂದ."

ಜನ ತಮ್ಮ ತಮ್ಮ ಕಾಲಬೆರಳು ನೋಡಿಕೊಂಡರು. ಅಂಬುಜಮ್ಮ ಸೆರಗು ಸುರುಳಿ ಸುತ್ತುತ್ತಿದ್ದಳು. ಮಧುರಕಂಠ ಮಾತ್ರ ನಗುತ್ತಿದ್ದ. ಅಣ್ಣ ಬಟ್ಟೆ ಸರಿಮಾಡಿಕೊಂಡು ಮತ್ತೆ ಕುಟ್ಟಿದ, ಪಂದ್ಯ ಶುರುವಾಯಿತು. ಸೊಲ್ಲು ನಿಧಾನ. ರೈಡಿಗೆ ಹೋದ ಹುಡುಗ ಮುಟ್ಟಿ, ತಪ್ಪಿಸಿಕೊಂಡು, ತನ್ನ ಜಾಗಕ್ಕೆ ಬಂದು ಮೈ ಒರೆಸಿಕೊಳ್ಳುವಾಗ ಅವನು ಹೊರಟ ಸುದ್ದಿ ಮೈಕಿನಲ್ಲಿ ಬರುತ್ತಿತ್ತು. ಕೊನೆಕೊನೆಗೆ ರೆಫರಿ ಅಣ್ಣನ ಮಾತು ಮುಗಿಯುವವರೆಗೆ ಸೀಟಿ ಊದದೆ ಕಾಯತೊಡಗಿದ, ಹುಡುಗರೂ ತೊಡೆ ತಟ್ಟಿಕೊಂಡು ಕಾದರು. ಮನೆಗಳಲ್ಲಿ ಒಲೆಯ ಮುಂದೆ ಕೂತ ಹೆಂಗಸರ ಚಪ್ಪಾಳೆ ಕೇಳಿಸಿತು. ನನ್ನ ಸಿಟ್ಟೇನೂ ಅದರಿಂದ ಇಳಿಯಲಿಲ್ಲ. ಕಾಯುವುದು ನಮ್ಮೂರಿನವರಿಗೆ ಕಷ್ಟವಲ್ಲ, ಮುಖಕ್ಕೆ ಮುಖ ಕೊಟ್ಟು ಒಂದು ಮಾತು ಅನ್ನುವುದು ಕಷ್ಟ.

ಮಾರನೆಯ ಬೆಳಗ್ಗೆ ನಾನು ಗಿರಣಿಯ ಬಾಗಿಲು ತೆಗೆಯುತ್ತಿದ್ದೆ. ಪಕ್ಕದ ಜಗಲಿಯಿಂದ ಅಂಬುಜಮ್ಮನ ಧ್ವನಿ ಕೇಳಿಸಿತು. "ಸ್ವಲ್ಪ ಅಲ್ಲಾಡದೆ ನಿಂತ್ಕೊಳ್ಳಿ" ಅನ್ನುತ್ತಿದ್ದಳು, ಆಗಲೂ ಬಹುವಚನದಲ್ಲಿ. ಕಣ್ಣು ಸರಿಯಾಗಿ ಕಾಣದವಳು ಕೋಟಿನ ಮೇಲೆ ಬೆರಳಾಡಿಸಿ ತನ್ನ ನಕ್ಷತ್ರಗಳನ್ನು ಹುಡುಕುತ್ತಿರಬೇಕು. ಜರಿ ಕಾಗದ ಪರ್ರನೆ ಕಿತ್ತು ಬಂದ ಸದ್ದಾಯಿತು. ಸ್ವಲ್ಪ ತಡೆದು ಮತ್ತೊಂದು ಸದ್ದು. "ಏನು ಮಾಡುತ್ತಿದ್ದೀರಿ ಅಮ್ಮಾ?" ಎಂದು ಜೇನಿನ ಧ್ವನಿ ಕೇಳಿತು. ಅವಳು ಇನ್ನೆರಡು ಕಿತ್ತಳು. ಅವಳು ಕೊಟ್ಟ ಐದರಲ್ಲಿ ಒಂದು ಉಳಿಯಿತು. ಒಳಗಿನ ರೂಮಿನ ಬಾಗಿಲು ತೆರೆದುಕೊಂಡಿತು, ಸೊಸೆಯ ಬಳೆಯ ಸದ್ದು ಜಗಲಿಯವರೆಗೆ ಬಂತು.

"ಹೋಗಿ" ಅಂದಳು ಅಂಬುಜಮ್ಮ.

ನಾನು ಗೋಡೆಯ ಈಚೆ ಕಿವಿಗೊಟ್ಟು ನಿಂತೆ. ಹುಟ್ಟಿದಾಗಿನಿಂದ ಆ ಮಾತಿನ ಹಿಂದೆ ಇನ್ನೊಂದು ಮಾತು ಸೇರಿಸಿಯೇ ರೂಢಿ ಅವಳಿಗೆ. ಅದು ಅವಳ ನಾಲಿಗೆಯ ತುದಿಗೆ ಬಂದು ನಿಂತಿರುವುದು ನನಗೆ ಕಣ್ಣಿಗೆ ಕಂಡಷ್ಟು ಚೆನ್ನಾಗಿ ಗೊತ್ತಿತ್ತು. ಮಧುರಕಂಠನೂ ಕಾಯುತ್ತಿದ್ದ. ಆಮೇಲೆ ಬಾಗಿಲು ಮುಚ್ಚಿದ ಸದ್ದು ಕೇಳಿಸಿತು, ಅದರ ಹಿಂದೆ ಚಿಲಕ ಬಿದ್ದ ಸದ್ದು.